ಹಳದಿ ಟ್ರೇಲರಿನ ಬ್ರೇಕು

ತುರೋರಿಯ ಹೆದ್ದಾರಿ ಬದಿಯಲ್ಲಿ ನನ್ನದು ವಾಹನಗಳ ವೈರಿಂಗ್ ಅಂಗಡಿ. ನನ್ನ ಕೈಯಲ್ಲಿ ರಿಪೇರಿಯಾಗದೆ ವಾಪಸ್ ಹೋದ ಗಾಡಿಗಳು ಕಡಿಮೆ. ಹೌದು, ಇದು ಜಂಭವೇ. ದುಡಿದು ಗಳಿಸಿದ ಜಂಭ.

ಹೋದ ವರ್ಷ ಒಂದು ಬೆಳಿಗ್ಗೆ ಗುಂಜೋಟಿ ಕಡೆಯ ಕುರಿ ಸಾಕುವ ಮನೆಯ ಅತ್ತೆ, ಸೊಸೆ ಬಂದರು. ಜೀಪಿನ ಹಿಂದೆ ಅಚ್ಚ ಹಳದಿ ಟ್ರೇಲರ್. ಈದ ಕುರಿಗಳನ್ನೂ ಎಳೆಮರಿಗಳನ್ನೂ ಮೇವಿದ್ದಲ್ಲಿಗೆ ಒಯ್ಯಲು ಕೊಂಡದ್ದು. ಓಡಿಸುವವಳು ಸೊಸೆ. ಜೀಪಿನ ಬ್ರೇಕ್ ತುಳಿದರೆ ಟ್ರೇಲರಿನ ಗಾಲಿಯೊಳಗಿನ ಮ್ಯಾಗ್ನೆಟ್‌ಗೆ ಕರೆಂಟ್ ಹೋಗಿ ಅದೂ ನಿಲ್ಲಬೇಕು. ನಿಲ್ಲುತ್ತಿರಲಿಲ್ಲ.

“ಇಳಿಜಾರಿನ್ಯಾಗ ಹಿಂದಿಂದ ದೂಡ್ತದರೀ ಅಣ್ಣಾ,” ಎಂದಳು ಸೊಸೆ.

“ಆಕಿಗಿ ಬ್ರೇಕ್ ಹಾಕ್ಲಿಕ್ಕಿ ಬರಲ್ಲ,” ಎಂದಳು ಅತ್ತೆ. “ಇವತ್ತ ಸರಿ ಆಗಲಿಲ್ಲಂದ್ರ ಟ್ರೇಲರ್ ಉದಗೀರದಾಗ ಮಾರಿಬಿಡ್ತೀನಿ. ಆಕಿ ಗಾಡಿ ನಡಸೂದೂ ಬಂದ್.”

ಜೀಪಿನಿಂದ ಇಳಿದ ಕೂಡಲೇ ಸೊಸೆಯಿಂದ ಕೀಲಿ ಇಸಿದುಕೊಂಡು ಸೆರಗಿಗೆ ಗಂಟು ಹಾಕಿಕೊಂಡಳು. ನಮ್ಮ ಕಡೆ ಟ್ರೇಲರ್ ಎಳೆಯುವ ಹೆಣ್ಣುಮಗಳೆಂದು ನಾನು ಕಂಡದ್ದು ಅವಳೊಬ್ಬಳನ್ನೇ. ನನಗೆ ನಿಜವಾಗಿ ಸಂಕಟವಾಯಿತು.

ಬ್ರೇಕಿನ ಕರೆಂಟಿಗೆ ಕೀಲಿ ಬೇಕಿಲ್ಲ. ಸೊಸೆಗೆ ಬ್ರೇಕ್ ತುಳಿಯಲು ಹೇಳಿ ಟ್ರೇಲರಿನ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದೆ. ಹತ್ತಿತು.

“ಕರೆಂಟ್ ಛಲೋ ಬರ್ಲಿಕ್ಕತ್ತದ, ಆಯಿ. ಗಾಲಿ ಹಿಡಿಯೋ ಲೈನರ್ ಸಡಿಲ ಆಗ್ಯಾವ, ಅಷ್ಟೇ.”

ಬಿಗಿ ಮಾಡಿ, ಅತ್ತೆಯಿಂದ ಕೀಲಿ ಪಡೆದು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಳಿಜಾರಿಗೆ ಹೊರಟೆ. ಬ್ರೇಕ್ ತುಳಿದೆ. ಟ್ರೇಲರ್ ಹಿಂದಿನಿಂದ ದಬ್ಬಿತು.

“ಮಿಸ್ತ್ರಿ, ನಿನಗೂ ದೂಡ್ತಲ್ಲ?” ಎಂದಳು ಅತ್ತೆ.

ಕಿವಿ ಬಿಸಿಯಾಯಿತು. ಅಂಗಡಿಗೆ ಬಂದೊಡನೆ ಕೀಲಿ ಮತ್ತೆ ಸೆರಗಿನ ಗಂಟು ಸೇರಿತು. ನಾನು ಮೀಟರ್ ತೆಗೆದೆ. ಲ್ಯಾಂಪ್ ಹತ್ತಲು ಚೂರು ಕರೆಂಟ್ ಸಾಕು, ಬ್ರೇಕಿಗೆ ಸಾಲದು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಬ್ರೇಕ್ ತುಳಿಸಿ ಅಳೆದರೆ ಜೀಪಿನಲ್ಲಿ ಹನ್ನೆರಡು ವೋಲ್ಟ್, ಗಾಲಿಯ ಹತ್ತಿರ ಐದೂ ಇಲ್ಲ. ಕರೆಂಟ್ ಹೋಗುವ ವೈರು ಸರಿಯಿತ್ತು. ತಿರುಗಿ ಬರುವ ದಾರಿ, ಅಂದರೆ ಅರ್ಥ್, ಕೆಟ್ಟಿತ್ತು. ಆ ವೈರನ್ನು ಟ್ರೇಲರಿನ ಚೌಕಟ್ಟಿಗೆ ಒಂದು ಬೋಲ್ಟಿನಿಂದ ಬಿಗಿದಿರುತ್ತಾರೆ. ಬಿಚ್ಚಿ ನೋಡಿದೆ. ತೂತಿನ ಸುತ್ತ ದಪ್ಪನೆಯ ಹಳದಿ ಬಣ್ಣ.

“ಇಲ್ಲಿ ಬಣ್ಣ ಯಾರ್ ಹಚ್ಚ್ಯಾರ?”

“ನಾನೇ,” ಎಂದಳು ಅತ್ತೆ, ಹೆಮ್ಮೆಯಿಂದಲೇ. “ಮರಿ ಸುಖದಿಂದ ಇರಲಿ, ಗಾಡಿಗಿ ಭಂಡಾರದ ಅರಿಶಿಣ ಬಣ್ಣ ಹಚ್ತೀನಂತ ಬೀರಪ್ಪಗ ಬೇಡ್ಕೊಂಡಿದ್ದೆ. ಒಂದ್ ಬೋಲ್ಟೂ ಬಿಟ್ಟಿಲ್ಲ. ಬಿಚ್ಚಿ ಬಿಚ್ಚಿ ಹಚ್ಚೀನಿ.”

ದೇವರ ಹರಕೆಯನ್ನು ಕೆರೆಯಬೇಕೆಂದು ಹೇಳುವುದು ಹೇಗೆ? ಆದರೂ ಹೇಳಿದೆ.

“ಆಯಿ, ಬಣ್ಣದಾಗ ಕರೆಂಟ್ ಹರಿಯಲ್ಲ. ರೂಪಾಯಿಯಷ್ಟ ಜಾಗಾ ಬರೀ ಕಬ್ಬಿಣ ಇರಬೇಕು.”

ನಾನು ಪಾಲಿಶ್ ಕಾಗದ ಕೈಗೆತ್ತಿಕೊಂಡೆ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಹಣೆಗೆ ಮುಟ್ಟಿಸಿ, ಕಬ್ಬಿಣ ಹೊಳೆಯುವವರೆಗೆ ತಾನೇ ತಿಕ್ಕಿದಳು. ನಾನು ಬೋಲ್ಟ್ ಬಿಗಿದೆ. ಮೀಟರ್ ಹನ್ನೊಂದು ದಾಟಿತು.

ಇಳಿಜಾರಿನಲ್ಲಿ ಇನ್ನೊಮ್ಮೆ ನೋಡಬೇಕಿತ್ತು. ಕೀಲಿಗೆ ಕೈ ಚಾಚಿದೆ. ಅತ್ತೆ ಸೆರಗಿನ ಗಂಟು ಬಿಚ್ಚಿ, ನನ್ನ ಕೈ ದಾಟಿಸಿ, ಸೊಸೆಯ ಅಂಗೈಯಲ್ಲಿ ಕೀಲಿ ಇಟ್ಟಳು.

“ತಪ್ಪು ನಂದಿತ್ತು,” ಎಂದಳು. “ನೀ ನಡಸು.”

ಇಳಿಜಾರಿನಲ್ಲಿ ಸೊಸೆ ಬ್ರೇಕ್ ತುಳಿದಳು. ಟ್ರೇಲರ್ ಜೀಪಿನ ಜೊತೆಗೇ ನಿಂತಿತು. ನಾನು ಹಿಂದಿನ ಸೀಟಿನಲ್ಲಿದ್ದೆ. ಇಬ್ಬರಲ್ಲಿ ಒಬ್ಬರೂ ನನ್ನ ಕಡೆ ತಿರುಗಿ ನೋಡಲಿಲ್ಲ.