ಒಬ್ಬಾಕಿ ಎದ್ರ ಎಲ್ಲಾರೂ ಏಳೂಣು

ಬೆಳಗಾವಿ ಹತ್ತಿರದ ಮಚ್ಛೆಯ ಕಾರ್ಖಾನೆಗಳ ಸಾಲಿನಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಖಾನಾಪುರದ ಕಡೆಯಿಂದ ಬಂದ ಟೆಂಪೊ ಫೌಂಡ್ರಿಯೊಂದರ ಗೇಟಿನ ಮುಂದೆ ನಿಲ್ಲುತ್ತದೆ. ಹಿಂದಿನ ಹಲಗೆ ಹಿಡಿದು ಹೆಂಗಸರು ಒಬ್ಬೊಬ್ಬರಾಗಿ ಧುಮುಕುತ್ತಾರೆ. ಕೊನೆಗೆ ಇಳಿಯುವವಳು ಸಾವಂತ್ರವ್ವ. ಅವಳಿಗೆ ಧುಮುಕಲು ಆಗುವುದಿಲ್ಲ. ಬುತ್ತಿಯ ಗಂಟನ್ನು ಮೊದಲು ಕೆಳಗೆ ಕೊಟ್ಟು, ಹಲಗೆಯ ಮೇಲೆ ಕೂತು, ಮೊಣಕಾಲನ್ನು ಕೈಯಿಂದಲೇ ಎತ್ತಿ ಆಚೆ ಇಳಿಬಿಟ್ಟು, ಆಮೇಲೆ ನೆಲಕ್ಕೆ ಕಾಲಿಡುತ್ತಾಳೆ.

ಒಳಗೆ ನಿನ್ನೆ ಸಂಜೆ ಎರಕ ಹೊಯ್ದ ಉಸುಕಿನ ಅಚ್ಚುಗಳು ಇನ್ನೂ ಕಾವು ಬಿಟ್ಟಿಲ್ಲ. ಸಾವಂತ್ರವ್ವ ಸೆರಗನ್ನು ಮೂಗಿಗೆ ಬಿಗಿದು, ಸಲಾಕೆಯಿಂದ ಅವನ್ನು ಒಡೆಯುತ್ತಾಳೆ. ಸುಟ್ಟು ಕರ್ರಗಾದ ಉಸುಕನ್ನು ಬುಟ್ಟಿಗೆ ತುಂಬಿ, ಜರಡಿ ಹಿಡಿದು ಕೂತ ಹೆಂಗಸರ ಮುಂದೆ ಸುರಿಯುತ್ತಾಳೆ. ಧೂಳು ಏಳುತ್ತದೆ. ಅದು ಇಳಿಯುವ ತನಕ ಗೋಡೆಗೆ ಕೈ ಕೊಟ್ಟು ಕೆಮ್ಮುತ್ತಾಳೆ. ದಿನಕ್ಕೆ ಎಷ್ಟು ಬುಟ್ಟಿ ಆಗುತ್ತದೆ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾಳೆ.

"ಎಣಸಬಾರದ್ರಿ. ಎಣಸಿದ್ರ ಕೈ ಸೋಲ್ತಾವು."

ವಯಸ್ಸು ಐವತ್ತೈದು ದಾಟಿದೆ. ಊರು ಖಾನಾಪುರದಿಂದ ಒಳಗೆ, ಕುರಿ ಕಾಯುವವರ ಮನೆತನ. ಗಂಡ ರಾಯಪ್ಪನ ಜತೆ ಅವಳೂ ಹಿಂಡಿನ ಹಿಂದೆ ವರ್ಷಗಟ್ಟಲೆ ಅಲೆದವಳು. ಒಂದು ಮಳೆಗಾಲ ಹಿಂಡಿಗೆ ಬೇನೆ ಬಿತ್ತು. ದಿನಾ ಮುಂಜಾನೆ ಒಂದೆರಡು ಕುರಿ ಏಳದೆ ಮಲಗಿದಲ್ಲೇ ಉಳಿದವು. ಹಬ್ಬ ಬರುವಷ್ಟರಲ್ಲಿ ಹಟ್ಟಿ ಬರಿದಾಗಿತ್ತು. ರಾಯಪ್ಪ ಮಗ್ಗದ ಮುಂದೆ ಕೂತು ಕಂಬಳಿ ನೇಯತೊಡಗಿದ. ಸಾವಂತ್ರವ್ವ ಮಚ್ಛೆಯ ಟೆಂಪೊ ಹತ್ತಿದಳು. "ಕುರಿ ಹಿಂದ ನಡದ ಕಾಲು ಎಲ್ಲಿಗರೆ ನಡೀತಾವಂತ ಬಂದ್ನಿ. ಇಲ್ಲಿ ನಡಿಯೂದ ಇರಲಿಲ್ಲ, ಮೊದಲ ಜರಡಿ ಹಿಡದ ಕುಂತ ಕುಂತ ಮೊಣಕಾಲು ಹೋದ್ವು," ಎನ್ನುತ್ತಾಳೆ.

ಕಾರ್ಖಾನೆಯಲ್ಲಿ ಆಗ ಹೆಂಗಸರಿಗೆ ಸಂಡಾಸ ಇರಲಿಲ್ಲ. ಗಂಡಸರು ಗೋಡೆಯ ಮರೆ ನೋಡಿಕೊಳ್ಳುತ್ತಿದ್ದರು. ಹೆಂಗಸರು ಹೊತ್ತು ಮುಳುಗುವ ತನಕ ತಡೆದುಕೊಂಡು, ಕತ್ತಲಾದ ಮೇಲೆ ಹಿಂಭಾಗದಲ್ಲಿ ಕುಲುಮೆಯ ಕಿಟ್ಟ ಸುರಿದ ಗುಡ್ಡೆಯ ಆಚೆ ಗುಂಪಾಗಿ ಹೋಗಬೇಕಿತ್ತು. ಕುಲುಮೆಯ ಕಾವಿನಲ್ಲಿ ಕೂತೂ ಯಾರೂ ನೀರು ಮುಟ್ಟುತ್ತಿರಲಿಲ್ಲ. ೧೯೯೭ರ ಮಳೆಗಾಲದ ಒಂದು ಸಂಜೆ, ಜರಡಿ ಹಿಡಿಯುವ ಗೌರವ್ವ ಆ ಗುಡ್ಡೆಯ ಮೇಲೆ ಜಾರಿ ಬಿದ್ದಳು. ಏಳು ತಿಂಗಳ ಬಸುರಿ. ಬೆಳಗಾವಿಯ ದವಾಖಾನೆಗೆ ಒಯ್ಯುವಾಗ ಸಾವಂತ್ರವ್ವನ ತೊಡೆಯ ಮೇಲೆಯೇ ತಲೆಯಿಟ್ಟು ಮಲಗಿದ್ದಳು. ಗೌರವ್ವ ಉಳಿದಳು, ಕೂಸು ಉಳಿಯಲಿಲ್ಲ.

ಮರುದಿನ ಆಳುಗಳ ಕೆಲಸ ನೋಡಿಕೊಳ್ಳುವ ಮಿಸ್ತ್ರಿ ಗುರುಪಾದಪ್ಪ, "ಅಕೀ ಜಾಗಾಕ ಬ್ಯಾರೇದಾಕೀನ ಕರ್ಕೊಂಬರ್ರಿ," ಎಂದ. ಸಾವಂತ್ರವ್ವ ಅವನ ಮುಂದೆ ಹೋಗಿ ನಿಂತಳು.

"ಅಣ್ಣಾರ, ನಮಗೊಂದು ಸಂಡಾಸ ಕಟ್ಟಿಸ್ಕೊಡ್ರಿ."

"ಏ ಬಾಯಿ, ಇದು ಕಾರ್ಖಾನಿ. ನಿನ್ನ ತವರಮನಿ ಅಲ್ಲ."

ಸುತ್ತ ನಿಂತವರು ನಕ್ಕರು. ಅವಳು ಜಗಳಾಡಲಿಲ್ಲ, ತಿರುಗಿ ಬಂದು ಜರಡಿ ಹಿಡಿದಳು. ಸಂಜೆ ಟೆಂಪೊದಲ್ಲಿ ಮಾತ್ರ ಬಾಯಿ ಬಿಟ್ಟಳು: "ನಾಳಿಂದ ಎಲ್ಲಾರೂ ನೀರು ಕುಡೀರಿ. ಹೊಟ್ಟಿ ತುಂಬ ಕುಡೀರಿ. ಒಬ್ಬಾಕಿ ಎದ್ರ ಎಲ್ಲಾರೂ ಏಳೂಣು."

ಮರುದಿನ ಹಾಗೇ ಆಯಿತು. ಒಬ್ಬಳಿಗೆ ಹೋಗಬೇಕೆನಿಸಿದಾಗ ಅಷ್ಟೂ ಮಂದಿ ಜರಡಿ ಕೆಳಗಿಟ್ಟು ಎದ್ದರು. ಗುಡ್ಡೆಯ ಕಡೆಗಲ್ಲ, ದೊಡ್ಡ ಗೇಟು ದಾಟಿ, ಹಗಲು ಬೆಳಕಿನಲ್ಲಿ, ಲಾರಿ ಓಡಾಡುವ ರಸ್ತೆಯಗುಂಟ ಸಾಲು ಹಿಡಿದು ದೂರದ ಹೊಲದ ಕಡೆಗೆ ನಡೆದರು. ತಿರುಗಿ ಬಂದು ಕೂತರು. ತುಸು ಹೊತ್ತಿಗೆ ಇನ್ನೊಬ್ಬಳು ಎದ್ದಳು. ಮತ್ತೆ ಎಲ್ಲರೂ ಎದ್ದರು. ಉಸುಕು ಇಲ್ಲದೆ ಅಚ್ಚು ಇಲ್ಲ, ಅಚ್ಚು ಇಲ್ಲದೆ ಎರಕ ಇಲ್ಲ. ಕುಲುಮೆಯಲ್ಲಿ ಕಬ್ಬಿಣ ಕರಗಿ ಕುದಿಯುತ್ತಿತ್ತು. ಮಾಲಕರು ತಾವೇ ಗೇಟಿಗೆ ಬಂದರು.

"ಎಲ್ಲಿಗೆ ಹೊಂಟೀರಿ ಎಲ್ಲಾರೂ?"

"ಬಯಲಕಡಿ ಹೊಂಟೇವ್ರಿ ಮಾಲಕ್ರ. ಹಾದಿ ಬಿಡ್ರಿ."

ಮೊದಲ ದಿನ ಗಂಡಾಳುಗಳು ಸಿಳ್ಳೆ ಹಾಕಿದರು. ಎರಡನೆಯ ದಿನ ಸುಮ್ಮನಾದರು. ಮೂರನೆಯ ದಿನ ಹೆಂಗಸರು ಎದ್ದದ್ದೇ ತಡ, ಕಾವಲಿನವನು ತಾನಾಗಿ ಗೇಟು ತೆರೆದ. ಸುದ್ದಿ ಊರಿಗೂ ಮುಟ್ಟಿತು. ನಾಲ್ಕು ಹಿರಿಯರು ರಾಯಪ್ಪನ ಮಗ್ಗದ ಹತ್ತಿರ ಬಂದು, ಹೆಂಡತಿಯನ್ನು ಹದ್ದುಬಸ್ತಿನಲ್ಲಿಡು, ಕುಲದ ಮಾನ ರಸ್ತೆಗೆ ಬಿತ್ತು ಎಂದರು. ರಾಯಪ್ಪ ಲಾಳಿ ನಿಲ್ಲಿಸಲಿಲ್ಲ.

"ನನ್ನ ಹೇಣ್ತಿ ಬಯಲಕಡಿ ಹೋಗಾಕ ನಿಮ್ಮ ಅಪ್ಪಣಿ ಬೇಕೇನ್ರೋ?"

ಅದನ್ನು ಹೇಳುವಾಗ ಸಾವಂತ್ರವ್ವನ ದಣಿದ ಮುಖದಲ್ಲಿ ನಗು ಸುಳಿಯುತ್ತದೆ. "ನನ್ನ ಮುಂದ ಎಂದೂ ಹಿಂಗ ಮಾತಾಡಿದಾಂವ ಅಲ್ರಿ ಆ ಮನಷ್ಯಾ."

ತಿಂಗಳೊಳಗೆ ಹಿಂಭಾಗದಲ್ಲಿ ತಗಡಿನ ಬಾಗಿಲಿನ ಎರಡು ಸಂಡಾಸ, ಒಂದು ನಳ ಬಂದವು. ಗೌರವ್ವ ಕೆಲಸಕ್ಕೆ ಮರಳಿದಳು. ಈಗಲೂ ಜರಡಿ ಹಿಡಿಯುತ್ತಾಳೆ, ಹೆಚ್ಚು ಮಾತಾಡುವುದಿಲ್ಲ. ಗೆದ್ದಿರಿ ಎಂದು ಯಾರಾದರೂ ಅಂದರೆ ಸಾವಂತ್ರವ್ವ ಅವಳ ಕಡೆ ನೋಡಿ ದನಿ ತಗ್ಗಿಸುತ್ತಾಳೆ: "ಸಂಡಾಸ ಬಂತ್ರಿ. ಆಕೀ ಕೂಸು ಬರಲಿಲ್ಲ."

ಸಾವಂತ್ರವ್ವನನ್ನು ಕೆಲಸದಿಂದ ತೆಗೆಯುವ ಧೈರ್ಯ ಯಾರಿಗೂ ಆಗಲಿಲ್ಲ. ಬದಲಿಗೆ ಜರಡಿ ಬಿಡಿಸಿ, ಅಚ್ಚು ಒಡೆದು ಬಿಸಿ ಉಸುಕು ಹೊರಲು ಹಾಕಿದರು. ಆ ಕೆಲಸಕ್ಕೆ ಗಟ್ಟಿ ಗಂಡಾಳುಗಳೇ ಹಿಂದೆ ಸರಿಯುತ್ತಾರೆ. ಹೆಂಗಸರು ಮತ್ತೆ ಏಳೋಣವೆಂದರು. ಅವಳೇ ಬೇಡವೆಂದಳು. "ಎಲ್ಲಾರ ಸಲುವಾಗಿ ಎದ್ರ ಮಾನ ಇರತೈತಿ. ನನ್ನೊಬ್ಬಾಕೀ ಸಲುವಾಗಿ ಎದ್ರ ಅದು ಹಟ ಅನಿಸ್ಕೋತೈತಿ," ಎನ್ನುತ್ತಾಳೆ. ಕೆಮ್ಮು ಶುರುವಾದದ್ದು ಆ ವರ್ಷವೇ.

ಕೆಲಸದ ಹೊತ್ತು ಮುಗಿದರೂ ಕೆಲಸ ಮುಗಿಯುವುದಿಲ್ಲ. ಆಯಿತವಾರ ಬಂತೆಂದರೆ ಅವಳ ಮನೆಯ ಕಟ್ಟೆಯ ಮೇಲೆ ಹೆಂಗಸರು ಬಂದು ಕೂಡುತ್ತಾರೆ. ಬೇರೆ ಬೇರೆ ಫೌಂಡ್ರಿಯವರು, ಬೆಳಗಾವಿಯ ಆಟೋ ನಗರದ ವರ್ಕ್‌ಶಾಪುಗಳಲ್ಲಿ ಕಸ ಹೊಡೆಯುವವರು. ಒಬ್ಬಳ ಕಾರ್ಖಾನೆಯಲ್ಲಿ ಮಿಸ್ತ್ರಿಯ ಕೈ ಸುಮ್ಮನಿರುವುದಿಲ್ಲ, ಇನ್ನೊಬ್ಬಳ ಮೊಲೆ ಕುಡಿಯುವ ಕೂಸನ್ನು ಒಳಗೆ ಬಿಡುವುದಿಲ್ಲ. ಕೆಲವರು ಮರಾಠಿಯಲ್ಲಿ ಅಳುತ್ತಾರೆ, ಕೆಲವರು ಕನ್ನಡದಲ್ಲಿ. ಸಾವಂತ್ರವ್ವ ಚಹಾ ಕಾಸುತ್ತ ಕೇಳುತ್ತಾಳೆ. ಕೇಳುತ್ತ ಕೇಳುತ್ತ ಕಣ್ಣು ಮುಚ್ಚುತ್ತವೆ. "ನಾ ಮಲ್ಗಿಲ್ಲವ್ವಾ, ನೀ ಹೇಳು," ಎಂದು ನಡುವೆ ದನಿ ಬರುತ್ತದೆ. ಸೋಮವಾರ ಅವರ ಜತೆ ಯಾವ ಗೇಟಿಗೆ ಹೋಗಿ ನಿಲ್ಲಬೇಕೆಂಬುದು ಅಲ್ಲೇ ಗೊತ್ತಾಗುತ್ತದೆ.

ಈ ಮಾರ್ಚಿನಲ್ಲಿ ಬೆಳಗಾವಿಯ ಸಂಘವೊಂದು ಸಾಧಕಿಯರ ಸತ್ಕಾರಕ್ಕೆ ಅವಳನ್ನೂ ಕರೆಯಿತು. ಪಾಳಿ ಮುಗಿಸಿ, ನಳದಲ್ಲಿ ಮುಖ ತೊಳೆದು, ಸಿಟಿ ಬಸ್ ಹಿಡಿದು ಹೋದಳು. ವೇದಿಕೆಯ ಮೇಲೆ ಕೂಡಿಸಿದರು. ಭಾಷಣಗಳು ನಡೆದವು. ಮಹಿಳಾ ನಾಯಕಿ ಸಾವಂತ್ರವ್ವ ಎಂದು ಹೆಸರು ಕೂಗಿದಾಗ ಅವಳು ಗಾಢ ನಿದ್ದೆಯಲ್ಲಿದ್ದಳು. ಬಾಜು ಕೂತವರು ತಟ್ಟಿ ಎಬ್ಬಿಸಬೇಕಾಯಿತು.

"ಮೆತ್ತನ್ ಕುರ್ಚಿ ಇತ್ರಿ, ಮ್ಯಾಲ ಫ್ಯಾನ್ ಇತ್ತು. ನಾಯಕಿ ಅಂದ್ರ ಸಿನಿಮಾದಾಕಿ ಅಂತ ನಾ ತಿಳ್ಕೊಂಡಿದ್ನಿ."

ಕಳೆದ ವಾರ ಕಾರ್ಖಾನೆಯಲ್ಲಿ ಹೊಸದೊಂದು ಗದ್ದಲವೆದ್ದಿತು. ದೊಡ್ಡ ಆರ್ಡರ್ ಬಂದಿದೆ, ಹೆಂಗಸರೂ ರಾತ್ರಿ ಕೆಲಸಕ್ಕೆ ನಿಲ್ಲಬೇಕು ಎಂದು ಗುರುಪಾದಪ್ಪ ಹೇಳಿದ. ಹಾಗೆ ನಿಂತರೆ ಊರಿನ ಟೆಂಪೊ ತಪ್ಪುತ್ತದೆ. ಎಲ್ಲರ ಕಣ್ಣೂ ಸಾವಂತ್ರವ್ವನ ಕಡೆ ತಿರುಗಿದವು. ಅವಳು ಸಲಾಕೆ ಊರಿ ಏಳಲು ಹೆಣಗುತ್ತಿದ್ದಳು. ಅಷ್ಟರಲ್ಲಿ ಪ್ರಮಿಳಾ ಎದ್ದುಬಿಟ್ಟಳು. ಹೋದ ವರ್ಷವಷ್ಟೇ ಕೆಲಸಕ್ಕೆ ಸೇರಿದವಳು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವಳು.

"ಟೆಂಪೊ ಹೋದ ಮ್ಯಾಲ ನಾವ್ ನಿಂದ್ರೂದಿಲ್ರಿ. ನಿಲ್ಲಿಸ್ಕೊಂಡ್ರ ಮನೀಮಟಾ ಮುಟ್ಸೂ ಗಾಡಿ ನೀವ ತರ್ರಿ."

ಗುರುಪಾದಪ್ಪ ರೂಢಿಯಂತೆ ಸಾವಂತ್ರವ್ವನ ಮುಖ ನೋಡಿದ.

"ನನ್ನ್ಯಾಕ ನೋಡ್ತೀರಿ? ಅಕೀ ಹೇಳ್ಯಾಳಲ್ಲ," ಎಂದು ಸಾವಂತ್ರವ್ವ ಮತ್ತೆ ಕೂತಳು. ಮಿಸ್ತ್ರಿ ಗೊಣಗುತ್ತ ಆಫೀಸಿನ ಕಡೆ ಹೋದ. ಆ ಸಂಜೆ ಯಾರೂ ನಿಲ್ಲಲಿಲ್ಲ.

ಇನ್ನೇನು ಆಸೆ ಎಂದು ಕೇಳಿದರೆ ಸಾವಂತ್ರವ್ವ ಮೊಣಕಾಲು ತಿಕ್ಕುತ್ತ ಹೇಳುತ್ತಾಳೆ:

"ಮುಂದ ನಿಂತು ನಿಂತು ಸಾಕಾಗೇತ್ರಿ. ಇನ್ನ ಮ್ಯಾಲ ಹಿಂದ ನಿಂದರಬೇಕು, ಮುಂದಿದ್ದಾಕೀ ಬೆನ್ನು ನೋಡ್ಕೋತ."