ನೂರ್‌ಜಾನ್‌ಗೆ ನಾನು ಹೇಳಿದ ಸ್ಪೇನಿನ ಕತೆ

ನೂರ್‌ಜಾನ್, ನಿನ್ನನ್ನು ಪಂಚಾಯಿತಿ ಅಧ್ಯಕ್ಷರ ಕುರ್ಚಿಯಿಂದ ಇಳಿಸಿದವಳು ನಾನು. ಸದಸ್ಯರಲ್ಲ, ಊರಲ್ಲ — ಕಾಲೇಜಿನಲ್ಲಿ ನಿನಗೆ ಇತಿಹಾಸ ಕಲಿಸಿದ ಇದೇ ಮೇಡಂ. ಗೊತ್ತಿದ್ದೇ ಮಾಡಿದೆ. ಸುತ್ತಿಬಳಸಿ ಮಾತಾಡುವ ಅಭ್ಯಾಸ ನನಗೆ ತರಗತಿಯಲ್ಲೂ ಇರಲಿಲ್ಲ, ಈಗಲೂ ಇಲ್ಲ.

ಅಮೃತೂರಿನ ಆಚೆಯ ನಿಮ್ಮೂರೇ ನನ್ನ ತವರು. ಅಲ್ಲಿ ನೀನು ಅಧ್ಯಕ್ಷೆ, ನಮ್ಮಣ್ಣ ಉಪಾಧ್ಯಕ್ಷ. ಬಸ್‌ಸ್ಟ್ಯಾಂಡ್ ಪಕ್ಕದ ಪೆಟ್ಟಿಗೆ ಅಂಗಡಿಗಳನ್ನೆಲ್ಲ ಎತ್ತಿಸಿ ಕಾಂಪ್ಲೆಕ್ಸ್ ಕಟ್ಟಿಸಬೇಕೆಂದು ಅವನಿಗೆ ಹಟ. ತೆರವಿನ ನೋಟಿಸಿಗೆ ನಿನ್ನ ಸಹಿ ಬೇಕಿತ್ತು. ನೀನು ಹಾಕಲಿಲ್ಲ. ಹೂವಿನ ಗಂಗಮ್ಮ, ಪಂಕ್ಚರ್ ಹಾಕುವ ನಿನ್ನ ಮಾಮು — ಇವರೆಲ್ಲ ಎಲ್ಲಿಗೆ ಹೋಗಬೇಕು ಅಂತ ಸಭೆಯಲ್ಲೇ ಕೇಳಿದೆ. ಆಮೇಲೆ ಸದಸ್ಯರು ನಿನ್ನನ್ನು ನೆಮ್ಮದಿಯಾಗಿ ಇರಲು ಬಿಡಲಿಲ್ಲ.

ಸಾಕಾಗಿ ನೀನು ಕ್ಯಾತ್ಸಂದ್ರದ ನಮ್ಮ ಮನೆಗೆ ಬಂದೆ. "ಏನ್ಮಾಡ್ಲಿ ಮೇಡಂ?" ಅಂದೆ. ನಾನು ಸ್ಪೇನಿನ ಕತೆ ಹೇಳಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ರಾಜ ಹೋಗಿ ಗಣರಾಜ್ಯ ಬಂತು. ವರ್ಷ ತುಂಬುವಷ್ಟರಲ್ಲಿ ನಾಲ್ಕು ಜನ ಅಧ್ಯಕ್ಷರಾದರು. ಅವರಲ್ಲೊಬ್ಬ ತತ್ತ್ವಶಾಸ್ತ್ರದ ಮೇಷ್ಟ್ರು. ಕೈದಿಗಳ ಮರಣದಂಡನೆಗೆ ಸಹಿ ಹಾಕಲಾರೆ ಎಂದು ಕುರ್ಚಿಯನ್ನೇ ಬಿಟ್ಟು ಹೋದ. "ಕೈ ಕೊಳೆ ಮಾಡ್ಕೊಳ್ಳೋದಕ್ಕಿಂತ ಎದ್ದು ಬರೋದೇ ದೊಡ್ಡತನ ಕಣೇ," ಅಂದೆ. ನೀನು ತುಮಕೂರಿಗೆ ಹೋಗಿ ಎ.ಸಿ. ಆಫೀಸಿನಲ್ಲಿ ರಾಜೀನಾಮೆ ಕೊಟ್ಟೆ.

ಅಲ್ಲಿಗೇ ಮುಗಿದಿದ್ದರೆ — ಇಲ್ಲ, ಮುಗಿಯಲಿಲ್ಲ. ರಾಜೀನಾಮೆ ವಾಪಸ್ ಪಡೆಯಲು ಇನ್ನೂ ಗಡುವು ಇರುವಾಗಲೇ ನೀನು ಮತ್ತೆ ಬಂದೆ. ಕುರ್ಚಿಯ ತುದಿಯಲ್ಲಿ ಕೂತು ಕೇಳಿದೆ: "ಮೇಡಂ, ಆ ಮೇಷ್ಟ್ರು ಹೋದ್ಮೇಲೆ ಕೈದಿಗಳು ಉಳಿದ್ರಾ?"

ಎಂಥ ಪ್ರಶ್ನೆ ಅದು! ಇಡೀ ತರಗತಿಯಲ್ಲಿ ನೀನೊಬ್ಬಳೇ ಹಾಗೆ ಕೇಳುತ್ತಿದ್ದವಳು. ಉತ್ತರ ನನಗೆ ಬಾಯಿಪಾಠ. ಅವನ ಜಾಗಕ್ಕೆ ಬಂದವನಿಗೆ ಆ ಸಂಕೋಚ ಇರಲಿಲ್ಲ, ಮರಣದಂಡನೆ ಜಾರಿಯಾಯಿತು.

"ಉಳಿದ್ರು," ಅಂದೆ.

ನೀನು ಟೀ ಕುಡಿದು, ಸಮಾಧಾನವಾಗಿ ಕುಣಿಗಲ್ ಬಸ್ಸು ಹತ್ತಿದೆ.

ಅವತ್ತು ಬೆಳಗ್ಗೆ ಅಣ್ಣ ಫೋನ್ ಮಾಡಿ, "ಅವ್ಳು ವಾಪಸ್ ತಗೊಳ್ದಂಗೆ ನೋಡ್ಕೊಳಮ್ಮ, ನಿನ್ ಮಾತು ಕೇಳ್ತಾಳೆ," ಅಂದಿದ್ದ. ಅವನ ಬಲವಂತ ಎನ್ನಲಾರೆ. ಅಧ್ಯಕ್ಷರ ತಂಗಿ ಅನ್ನಿಸಿಕೊಳ್ಳುವ ಆಸೆ ನನಗೇ ಇತ್ತು — ಮೊದಲ ಸಲ ಕತೆ ಹೇಳುವಾಗಲೂ. ಅಣ್ಣ ಅಧಿಕಾರ ವಹಿಸಿಕೊಂಡ, ಸಹಿ ಹಾಕಿದ, ಅಂಗಡಿಗಳು ಹೋದವು. ಗಂಗಮ್ಮ ಈಗ ಬಸ್ಸಿಂದ ಬಸ್ಸಿಗೆ ಹತ್ತಿಳಿದು ಹೂವು ಮಾರುತ್ತಾಳೆ.

ನೀನು ಅಮೃತೂರಿನಲ್ಲಿ ಟೀಚರಾದೆ. ಮೊನ್ನೆ ಫೋನಿನಲ್ಲಿ ಎಷ್ಟು ಖುಷಿಯಿಂದ ಹೇಳಿದೆ — ಆ ಸ್ಪೇನಿನ ಮೇಷ್ಟ್ರ ಕತೆಯನ್ನು ಮಕ್ಕಳಿಗೆ ಹೇಳ್ತೀನಿ ಮೇಡಂ, ಕೈದಿಗಳು ಉಳಿದ್ರು ಅಂದ ತಕ್ಷಣ ಚಪ್ಪಾಳೆ ತಟ್ಟುತ್ತಾರೆ ಅಂತ. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಆಗದ ನಾಚಿಕೆ.

ಮುಂದಿನ ಗ್ರಾಮಸಭೆಗೆ ನಾನು ಬರುತ್ತೇನೆ. ಗಂಗಮ್ಮ, ನಿನ್ನ ಮಾಮು ಇರಲಿ, ಅಣ್ಣನೂ ಇರಲಿ. ಎಲ್ಲರೆದುರು ಹೇಳುತ್ತೇನೆ. ತವರಿನ ಬಾಗಿಲು ಮುಚ್ಚಿದರೆ ಮುಚ್ಚಲಿ, ಕ್ಷಮಿಸು ಅಂತಲೂ ಕೇಳುವುದಿಲ್ಲ. ಅದಕ್ಕೆ ಮೊದಲು ನಿನ್ನ ಮಕ್ಕಳಿಗೆ ನಾಳೆಯೇ ತಿದ್ದಿ ಹೇಳು. ಕೈದಿಗಳು ಉಳಿಯಲಿಲ್ಲ, ನೂರ್‌ಜಾನ್. ನಿನ್ನ ಮೇಡಂಗೆ ಅದು ಗೊತ್ತಿತ್ತು.