ಮಾರಿದ ಮೇಲೂ ಬಿಡದ ಚಾಚಾ

ಕಳೆದ ವಾರ ಯಲ್ಲಾಪುರದ ಬಟ್ಟೆ ಅಂಗಡಿಯೊಂದರಲ್ಲಿ ನಿಂತಿದ್ದೆ. ಬೆನ್ನ ಹಿಂದೆ ಯಾರೋ ಹಾದುಹೋದರು. ಲಾವಂಚದ ಅತ್ತರಿನ ವಾಸನೆ, ಅದರೊಳಗೆ ತುಸು ಪೆಟ್ರೋಲಿನ ಘಾಟು. "ಬಂದ್ರಾ ಮತ್ತೆ!" ಎಂದು ಮನಸ್ಸು ತಾನಾಗಿಯೇ ರೇಗಿತು. ತಿರುಗಿ ನೋಡಿದರೆ ಯಾರೋ ಅಪರಿಚಿತರು. ರೇಗಿಕೊಳ್ಳಲು ಚಾಚಾ ಈಗಿಲ್ಲ ಎಂಬುದು ಆಮೇಲೆ ನೆನಪಾಯಿತು...

ಚಾಚಾ ನನಗೆ ಸಂಬಂಧಿಕರಲ್ಲ, ಕಾರು ಮಾರಿದವರು, ಅಷ್ಟೇ. ಮದುವೆಮನೆಗಳ ವಿಡಿಯೋ ತೆಗೆದು ನಾನು ದುಡಿಯತೊಡಗಿದ್ದ ಹೊಸತು. ಲೈಸೆನ್ಸ್ ಬಂದು ವರ್ಷವೂ ಆಗಿರಲಿಲ್ಲ. ಯಲ್ಲಾಪುರದಲ್ಲಿ ಹಳೆಯ ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕಿದೆ ಎಂದು ಮೊಬೈಲಿನಲ್ಲಿ ಕಂಡೆ. ಎರಡೇ ಬಾಗಿಲು, ಎರಡೇ ಸೀಟು, ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ನಮ್ಮೂರು ಸಿದ್ದಾಪುರದಲ್ಲಿ ಬಸ್ಸು ಹತ್ತಿ, ಶಿರಸಿಯಲ್ಲಿ ಬದಲಿಸಿಕೊಂಡು ಹೋದೆ.

ಅವರು ಆಯುಷ್ಯವೆಲ್ಲ ಲಾರಿ ಓಡಿಸಿದವರು. ಎತ್ತರದಲ್ಲಿ ಕೂತು ರಸ್ತೆ ನೋಡಿ ನೋಡಿ ಸಾಕಾಗಿ, ಒಮ್ಮೆ ತಗ್ಗಿನಲ್ಲಿ ಕೂತು ಓಡಿಸಬೇಕೆಂದು ಆ ಕಾರು ಕೊಂಡಿದ್ದರಂತೆ. ಈಗ ಕಣ್ಣು ಮಂಜಾಗುತ್ತಿತ್ತು. ಮಕ್ಕಳು ಹಟ ಹಿಡಿದು ಮಾರಲು ಒಪ್ಪಿಸಿದ್ದರು. ಆದರೆ ಬಂದ ಗಿರಾಕಿಗಳನ್ನೆಲ್ಲ ಏನಾದರೊಂದು ಕೊಂಕು ತೆಗೆದು ಇವರೇ ಕಳಿಸಿಬಿಡುತ್ತಿದ್ದರು. ಹೆಣ್ಣು ನೋಡಲು ಬಂದ ಗಂಡನ್ನು ವಿಚಾರಿಸುವ ಹಾಗೆ ನನ್ನನ್ನೂ ವಿಚಾರಿಸಿದರು. ಪಕ್ಕದಲ್ಲಿ ಕೂತು, ಓಡಿಸಿ ತೋರಿಸು ಎಂದರು. ಪೇಟೆಯ ನಡುವೆ ದನವೊಂದು ಅಡ್ಡ ನಿಂತಾಗ ನಾನು ಹಾರ್ನ್ ಹಾಕದೆ ಕಾದೆ.

"ಇವಳಿಗೇ ಕೊಡುವಾ. ಇವಳಿಗೆ ತಾಳ್ಮೆ ಉಂಟು," ಎಂದರು ಮನೆಗೆ ಬಂದು ಮಗನ ಹತ್ತಿರ.

ಆ ತಾಳ್ಮೆಯನ್ನು ಅವರೇ ತಿಂದು ಮುಗಿಸಿದರು.

ಮರುದಿನ ಬೆಳಿಗ್ಗೆಯೇ ಫೋನು. "ಬೇಟಿ, ಗಾಡಿ ಎಲ್ಲಿ ನಿಲ್ಸಿದ್ದೀ? ಮೇಲೆ ತೆಂಗಿನಮರ ಇಲ್ಲ ಅಲ್ವಾ?" ಅದರ ಮರುದಿನವೂ ಫೋನು. ಆಮೇಲೆ ಬಸ್ಸು ಹಿಡಿದು ಸಿದ್ದಾಪುರಕ್ಕೇ ಬರತೊಡಗಿದರು. ಚಪ್ಪಲಿ ಬಿಟ್ಟು ಜಗಲಿ ಹತ್ತುವ ಮೊದಲು ಕಾರಿನ ಸುತ್ತ ಒಂದು ಪ್ರದಕ್ಷಿಣೆ. ಗಾಜಿನ ಮೇಲೆ ಧೂಳು, ಟಯರಿನಲ್ಲಿ ಗಾಳಿ ಕಮ್ಮಿ, ಈ ಗೀರು ಎಲ್ಲಿಂದ ಬಂತು... ನಂತರ ಒಂದು ರೌಂಡು ಹೋಗಲೇಬೇಕು. ಹಂಪ್ ಇನ್ನೂ ದೂರವಿದ್ದಾಗಲೇ, ಕಾರಿನ ಹೊಟ್ಟೆ ಉಜ್ಜದಿರಲೆಂದು, "ಅಡ್ಡ ಹತ್ಸು, ಅಡ್ಡ!" ಎಂದು ಕೂಗುವರು. ಗೆಳತಿಯರನ್ನು ಕೂರಿಸಿಕೊಂಡು ಮೆರೆಯಬೇಕೆಂದು ಕೊಂಡ ಕಾರಿನ ಇನ್ನೊಂದೇ ಸೀಟು ಚಾಚಾರದ್ದಾಯಿತು.

ಎರಡೇ ಸೀಟೆಂದು ಮೊದಲೇ ಸಿಟ್ಟಾಗಿದ್ದ ಆಯಿ, ನನ್ನ ಅಮ್ಮ, ಒಂದು ದಿನ ಕೇಳಿಯೇಬಿಟ್ಟಳು: "ಎಂತದೇ ಇದು? ಅವ್ರು ಮಾರಿದ್ದು ಕಾರನ್ನೇ ಹೌದನೆ? ಅಲ್ಲ, ಮಗಳ ಕೊಟ್ಟು ಮದ್ವೆ ಮಾಡಿದ್ದನೆ?"

ಉಮ್ಮಚಗಿಯಲ್ಲಿ ಒಂದು ಮದುವೆಯ ಕೆಲಸವಿತ್ತು. ಯಲ್ಲಾಪುರ ಅಲ್ಲಿಗೆ ಹತ್ತಿರ. ಬೆಳಗಿನ ಫೋನಿನಲ್ಲಿ ಚಾಚಾರಿಗೆ ಆ ಊರಿನ ಹೆಸರು ಹೇಳಬಾರದಿತ್ತು, ಬಾಯಿ ತಪ್ಪಿ ಹೇಳಿದ್ದೆ. ಧಾರೆ ಮುಗಿಸಿ, ಬ್ಯಾಟರಿ ತರಲೆಂದು ಹೊರಗೆ ಬಂದರೆ ಕಾರೇ ಇಲ್ಲ! ಗಂಡಿನ ಕಡೆಯವರು, ಅಡುಗೆಯವರು ಎಲ್ಲ ಹುಡುಕಲು ಹೊರಟರು. ಪೊಲೀಸರಿಗೆ ಫೋನ್ ಮಾಡಬೇಕು ಎನ್ನುವಷ್ಟರಲ್ಲಿ ಯಾರೋ ಕೂಗಿದರು. ಕಾರು ಚಪ್ಪರದ ಹಿಂದೆ ಹಲಸಿನ ಮರದ ನೆರಳಿನಲ್ಲಿತ್ತು. ಒಳಗೆ ಚಾಚಾ ಎಲೆಯಡಿಕೆ ಹಾಕುತ್ತ ಕೂತಿದ್ದರು.

"ಬಿಸಿಲಲ್ಲಿ ಬಿಟ್ಟಿದ್ಯಲ್ಲ ಬೇಟಿ, ಬಣ್ಣ ಹೋಗ್ತದೆ."

ಇನ್ನೊಂದು ಕೀಲಿಯನ್ನು ಅವರು ಕೊಟ್ಟಿರಲೇ ಇಲ್ಲ. ಮಂಜುಗಣ್ಣಿನಲ್ಲಿ, ಮಕ್ಕಳು ಓಡಾಡುವ ಅಂಗಳದಲ್ಲಿ ಗಾಡಿ ನಡೆಸಿದ್ದರು.

"ಕೀಲಿ ಕೊಡಿ ಚಾಚಾ. ನೀವು ಮಾರಿಯಾಗಿದೆ. ಇದು ನನ್ನ ಗಾಡಿ. ಇನ್ಮೇಲೆ ಬರಬೇಡಿ."

ಎಲ್ಲರ ಎದುರಿಗೇ ಅಂದೆ. ಅಂದದ್ದು ಸರಿಯೇ ಎಂದು ಇವತ್ತಿಗೂ ಹೇಳುತ್ತೇನೆ. ಅವರು ಜುಬ್ಬಾದ ಜೇಬಿನಿಂದ ಕೀಲಿ ತೆಗೆದು ನನ್ನ ಕೈಯಲ್ಲಿಟ್ಟು, "ನಿಂದೇ ಬೇಟಿ, ನಿಂದೇ," ಎಂದು ರಸ್ತೆಯ ಕಡೆ ನಡೆದರು.

ಫೋನು ನಿಂತಿತು. ನೆಮ್ಮದಿಯಾಗಬೇಕಿತ್ತು. ಆದರೆ ಬೆಳಿಗ್ಗೆ ಆ ಫೋನಿನ ಹೊತ್ತಿಗೆ ಸರಿಯಾಗಿ ಮೊಬೈಲನ್ನು ಕೈಯಲ್ಲಿ ಹಿಡಿದು ಕೂರುವ ಅಭ್ಯಾಸವೊಂದು ನನಗೆ ಅಂಟಿಕೊಂಡಿತ್ತು. ಅದಕ್ಕೂ ಅವರ ಮೇಲೆಯೇ ಸಿಟ್ಟು ಬಂತು.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಮಗನ ಕೈ ಹಿಡಿದುಕೊಂಡು ಬಂದರು. ಈ ಸಲ ಕಾರಿನ ಸುತ್ತ ತಿರುಗಲಿಲ್ಲ. ಜಗಲಿಯಲ್ಲಿ ಆಯಿ ಕೊಟ್ಟ ಚಹಾದ ಲೋಟವನ್ನು ತಡವಿ ತಡವಿ ಹಿಡಿದರು.

"ಒಂದ್ಸಲ ಸ್ಟಾರ್ಟ್ ಮಾಡು ಬೇಟಿ. ಕಾಣೋದಿಲ್ಲ ಈಗ. ಕೇಳ್ತದೆ."

ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಿರಸಿ ರಸ್ತೆಯಲ್ಲಿ ಹೊರಟೆ. ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲನ್ನು ಸವರುತ್ತ ಕೂತಿದ್ದರು. ಇದ್ದಕ್ಕಿದ್ದಂತೆ "ಹಂಪ್ ಬಂತು, ಅಡ್ಡ!" ಎಂದರು. ಅಲ್ಲಿ ಹಂಪೇ ಇರಲಿಲ್ಲ. ಕಿತ್ತು ಎಷ್ಟೋ ತಿಂಗಳಾಗಿತ್ತು. ಅದನ್ನು ಹೇಳಲೋ ಬೇಡವೋ ಎಂದು ಅವರ ಮುಖ ನೋಡುವಷ್ಟರಲ್ಲಿ, ಮುಂದೆ ಹೊಸತಾಗಿ ಹಾಕಿದ್ದ ಹಂಪಿಗೆ ಕಾರಿನ ಹೊಟ್ಟೆ ಕರ್ರನೆ ಉಜ್ಜಿತು.

"ಹಿಂಗೆ ಓಡ್ಸಿದ್ರೆ ಆಯ್ತು! ನಾ ಇಲ್ದೇ ಹೋದ್ರೆ ಎಂತ ಮಾಡ್ತೀಯೆ ನೀನು?" ಎಂದು ಅಲ್ಲಿಂದ ಮನೆ ಮುಟ್ಟುವವರೆಗೂ ಬೈದರು. ನಾನೂ ಬಿಡಲಿಲ್ಲ. ದಾರಿಯುದ್ದಕ್ಕೂ ಜಗಳ. ಬಹಳ ದಿನಗಳ ಮೇಲೆ ಇಬ್ಬರಿಗೂ ಬಾಯಿತುಂಬ ಮಾತು ಸಿಕ್ಕಿತ್ತು...

ಅದೇ ಕೊನೆಯ ರೌಂಡು. ಚಳಿಗಾಲದಲ್ಲಿ ಅವರ ಮಗ ಫೋನ್ ಮಾಡಿದ. ಯಲ್ಲಾಪುರಕ್ಕೆ ಕಾರಿನಲ್ಲೇ ಹೋದೆ. ಅವರ ಮನೆಯೆದುರು ಬಿಸಿಲಿತ್ತು. ಜನ ಸೇರಿದ್ದ ಬೀದಿಯಲ್ಲಿ ಹಿಂದೆ ಮುಂದೆ ಮಾಡಿ, ಆಚೆ ಮಸೀದಿಯ ಗೋಡೆಯ ನೆರಳಿನಲ್ಲಿ ನಿಲ್ಲಿಸಿಯೇ ಇಳಿದೆ.

ನಿನ್ನೆ ಶಿರಸಿಯ ಗ್ಯಾರೇಜಿಗೆ ಹೋಗಿದ್ದೆ. ಬಾಗಿಲ ಕೆಳಗೆ ತುಕ್ಕು ಹಿಡಿದಿದೆ, ಪೂರ್ತಿ ಪೇಂಟ್ ಹೊಡೆಯಬೇಕು ಎಂದರು. ಅದೇ ಕೆಂಪೋ, ಬೇರೆ ಬಣ್ಣವೋ ಎಂದು ಕೇಳಿದರು. ಪೇಂಟ್ ಮಾಡುವವನು ಡಬ್ಬಿಗಳತ್ತ ಕೈ ತೋರಿಸಿ, "ಯಾವ್ದಾದ್ರೂ ಹೇಳಿ ಮೇಡಂ, ನಿಮ್ಮ ಗಾಡಿ, ನಿಮ್ಮಿಷ್ಟ," ಎಂದ.

ಆ ಮಾತನ್ನು ಯಾರಾದರೂ ಒಪ್ಪಲಿ ಎಂದು ನಾನು ಎಷ್ಟು ಜಗಳವಾಡಿದ್ದೆ! ನಾಳೆ ಹೇಳುತ್ತೇನೆ ಎಂದು ಹೊರಗೆ ಬಂದೆ. ಇನ್ನೂ ಹೇಳಿಲ್ಲ. ಕೆಂಪಂದರೂ, ನೀಲಿಯಂದರೂ, ಬೇಡ ಎನ್ನುವವರು ಯಾರೂ ಇಲ್ಲ.